ಎರಡು ಪಾಯಿಂಟ್, ಎರಡು ತಪ್ಪು

ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. 16 ವರ್ಷದಿಂದ ಕಬಡ್ಡಿ ಅಂಪೈರ್ ಆಗಿ ನಿಲ್ಲುತ್ತಿದ್ದೇನೆ. ಪಕ್ಷಪಾತ ಅಂದರೆ ನಮ್ಮವರ ಕಡೆ ವಾಲುವುದು, ಅಷ್ಟೇ ಅಂದುಕೊಂಡಿದ್ದೆ.

ಒಮ್ಮೆ ತಾಲ್ಲೂಕು ಮಟ್ಟದ ಫೈನಲ್‌ಗೆ ಬರಬೇಕಿದ್ದ ಅಂಪೈರ್ ಬರಲಿಲ್ಲ. ಆಡುತ್ತಿದ್ದ ಒಂದು ತಂಡ ನಮ್ಮದೇ ಶಾಲೆಯದು. ಬೇರೆ ದಾರಿ ಇಲ್ಲದೆ ನಾನೇ ನಿಂತೆ. ಮೊದಲರ್ಧದಲ್ಲಿ ನಮ್ಮ ಹುಡುಗ ರೈಡ್‌ಗೆ ಹೋದ. ಎದುರಿಗೆ ಏಳೂ ಜನ ಇದ್ದರು. ಬೋನಸ್ ಪಾಯಿಂಟ್ ಸಿಗಬೇಕಾದರೆ ಒಂದು ಕಾಲು ಬೋನಸ್ ಗೆರೆಯ ಆಚೆ ಊರಬೇಕು, ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಎರಡೂ ಆಗಿತ್ತು, ಕಣ್ಣಾರೆ ಕಂಡೆ. ಆದರೂ ಕೈ ಎತ್ತಲಿಲ್ಲ. 'ಮೇಷ್ಟ್ರು ತಮ್ಮ ಮಕ್ಕಳಿಗೆ ಕೊಟ್ಟರು' ಅಂತ ಜನ ಅಂದುಬಿಟ್ಟರೆ ಅನ್ನೋ ಭಯ. ಆ ಹುಡುಗ ವಾದ ಮಾಡಲಿಲ್ಲ. ನನ್ನ ಮುಖ ನೋಡಿ ವಾಪಸ್ ಹೋದ.

ಆ ನೋಟ ಚುಚ್ಚುತ್ತಲೇ ಇತ್ತು. ದ್ವಿತೀಯಾರ್ಧದಲ್ಲಿ ಅದೇ ಹುಡುಗ 'ಟಚ್' ಅಂತ ಕೈ ತೋರಿಸಿದ. ನನಗೆ ಸರಿಯಾಗಿ ಕಂಡಿರಲೇ ಇಲ್ಲ. ಆದರೂ ಕೊಟ್ಟುಬಿಟ್ಟೆ. ಎದುರು ತಂಡದ ಡಿಫೆಂಡರ್ "ಸಾರ್, ಮುಟ್ಟೇ ಇಲ್ಲ ಸಾರ್" ಅಂತ ಅಳುವ ದನಿಯಲ್ಲಿ ಹೇಳುತ್ತಾ ಅಂಕಣದ ಹೊರಗೆ ನಡೆದ. ಲೆಕ್ಕ ಸರಿಹೋಯಿತು ಅನಿಸಲಿಲ್ಲ. ಮೊದಲು ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ್ದೆ, ಈಗ ಇಬ್ಬರಿಗೆ.

ಆಟ ಮುಗಿದ ಮೇಲೆ ಎರಡೂ ತಂಡದ ಹುಡುಗರನ್ನು ಕೂರಿಸಿಕೊಂಡು ನಡೆದದ್ದನ್ನು ಹಾಗೇ ಹೇಳಿದೆ. ಸ್ಕೋರ್ ಬದಲಾಗಲ್ಲ, ಆದರೆ ಅವರಿಗೆ ಗೊತ್ತಿರಬೇಕು ಅಲ್ವಾ?

ಈಗ ನಮ್ಮ ಶಾಲೆಯ ಪಂದ್ಯಕ್ಕೆ ನಿಲ್ಲುವುದಿಲ್ಲ. ಎಷ್ಟೇ ಒತ್ತಾಯ ಮಾಡಿದರೂ ಇಲ್ಲ. ಬೇರೆ ಪಂದ್ಯಗಳಲ್ಲಿ ರೈಡರ್ ಬಂದ ಕೂಡಲೇ ಕಣ್ಣು ಅವನ ಕಾಲಿನ ಮೇಲೆ ಇಡುತ್ತೇನೆ. ಮುಖ ನೋಡಿದರೆ ಅವನು ಯಾರು, ಯಾವ ಊರಿನವನು ಅನ್ನೋದೆಲ್ಲ ತಲೆಗೆ ಬರುತ್ತದೆ. ಕಾಲಿಗೆ ಊರಿಲ್ಲ. ಕಂಡದ್ದಕ್ಕೆ ತಕ್ಷಣ ಕೈ ಎತ್ತುತ್ತೇನೆ, ಯೋಚನೆಗೆ ಜಾಗ ಕೊಟ್ಟರೆ ಭಯ ಒಳಗೆ ಬರುತ್ತದೆ. ಕಾಣದಿದ್ದರೆ ಸುಮ್ನೆ ಊಹೆ ಮಾಡುವುದಿಲ್ಲ. ರೆಫರಿ ಹತ್ತಿರ ಹೋಗಿ "ನನಗೆ ಕಾಣಲಿಲ್ಲ" ಅನ್ನುತ್ತೇನೆ. ಪ್ರೇಕ್ಷಕರು ಕೂಗುತ್ತಾರೆ, ಕೂಗಲಿ. ಹಿಂದಿನ ರೈಡ್‌ನಲ್ಲಿ ನಾನು ತಪ್ಪಿದ್ದರೂ ಮುಂದಿನದರಲ್ಲಿ ಅದನ್ನು ತುಂಬಿಕೊಡಲು ಹೋಗುವುದಿಲ್ಲ. ಇವತ್ತಿಗೂ ನನಗೆ ಅತಿ ಕಷ್ಟದ ಕೆಲಸ ಇದೇ.