ಬುಧವಾರವೇ ಒಂದು ಮಾತು ಹೇಳಿದ್ದರೆ

ಹೊಲಿಗೆ ಯಂತ್ರ ರಿಪೇರಿ ನನ್ನ ಕಸುಬು. ಕೆಲಸ ಗಟ್ಟಿಯಾಗಿದ್ದರೆ ಗಿರಾಕಿ ತಾನಾಗಿ ಬರುತ್ತಾರೆ ಎಂದು ಮೊದಲ ಕೆಲವು ವರ್ಷ ನಂಬಿಕೊಂಡಿದ್ದೆ. ಅದು ಅರ್ಧ ಸತ್ಯ ಎಂದು ತಿಳಿಸಿಕೊಟ್ಟವರು ಬಟ್ಟೆ ಹೊಲಿದು ಮನೆ ನಡೆಸುವ ಒಬ್ಬ ಅಕ್ಕ.

ಅವರ ಯಂತ್ರದಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಬಿಚ್ಚಿ ನೋಡಿದರೆ, ಮೇಲ್ದಾರವನ್ನು ಕೆಳದಾರಕ್ಕೆ ಹೆಣೆಯುವ ಶಟಲ್‌ನ ಕೊಕ್ಕೆ ಸವೆದುಹೋಗಿತ್ತು. ಶುಕ್ರವಾರ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಹೊಸ ಶಟಲ್ ಸೋಮವಾರಕ್ಕಿಂತ ಮೊದಲು ಬರುವುದಿಲ್ಲ ಎಂಬುದು ಬುಧವಾರವೇ ನನಗೆ ಗೊತ್ತಾಯಿತು. ಆದರೂ ಫೋನ್ ಮಾಡಲಿಲ್ಲ. ಕೆಟ್ಟ ಸುದ್ದಿ ಹೇಳಲು ಮನಸ್ಸು ಹಿಂಜರಿಯಿತು, ಬೇಗ ಬಂದರೂ ಬರಬಹುದು ಎಂಬ ಆಸೆಯೂ ಇತ್ತು. ಶುಕ್ರವಾರ ಸಂಜೆ ಅವರು ಬಂದಾಗ ಯಂತ್ರ ಬಿಚ್ಚಿದ ಹಾಗೆಯೇ ಮೇಜಿನ ಮೇಲಿತ್ತು.

ಅವರು ದನಿ ಏರಿಸಲಿಲ್ಲ. "ಬುಧವಾರವೇ ಒಂದು ಮಾತು ಹೇಳಿದ್ದರೆ ನಾನೂ ನನ್ನವರಿಗೆ ಹೇಳಿಕೊಳ್ಳುತ್ತಿದ್ದೆ. ನಾಳೆ ಬೆಳಿಗ್ಗೆ ನಾಲ್ಕು ಜನ ಬಾಗಿಲಿಗೆ ಬರುತ್ತಾರೆ. ನಾನು ಏನು ಹೇಳಲಿ, ನೀವೇ ಹೇಳಿ" ಎಂದರು.

ನನ್ನ ಗಿರಾಕಿಯ ಹಿಂದೆ ಅವರ ಗಿರಾಕಿಗಳು ಸಾಲಾಗಿ ನಿಂತಿದ್ದಾರೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲೇ ಇಲ್ಲ. ಅಂಗಡಿಯ ಮೂಲೆಯಲ್ಲಿದ್ದ ನನ್ನದೇ ಹಳೆಯ ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ, ಆ ರಾತ್ರಿಯೇ ಅವರ ಮನೆಗೆ ತಲುಪಿಸಿದೆ. ಅವರು ಇಂದಿಗೂ ನನ್ನಲ್ಲಿಗೇ ಬರುತ್ತಾರೆ, ಬೇರೆಯವರನ್ನೂ ಕಳಿಸುತ್ತಾರೆ. ತಪ್ಪನ್ನು ಚೆನ್ನಾಗಿ ಸರಿಪಡಿಸಿದರೆ, ತಪ್ಪೇ ಆಗದಿದ್ದಾಗ ಇರುತ್ತಿದ್ದುದಕ್ಕಿಂತ ಹೆಚ್ಚಿನ ವಿಶ್ವಾಸ ಹುಟ್ಟುವುದುಂಟು ಎಂದು ಮಾರುಕಟ್ಟೆ ಶಾಸ್ತ್ರದವರು 1992ರಿಂದ ಚರ್ಚಿಸುತ್ತಿದ್ದಾರೆ. ಅದನ್ನು ನೆಚ್ಚಿಕೊಂಡು ಕೂರಬಾರದು. ಅದೇ ಮನುಷ್ಯರಿಗೆ ಎರಡನೆಯ ಸಲ ಮಾತು ತಪ್ಪಿದಾಗ ಯಾವ ಸಮಾಧಾನವೂ ನಾಟದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸಂಜೆ ಬಾಗಿಲು ಹಾಕುವ ಮೊದಲು, ಮರುದಿನ ಯಾರ ಯಂತ್ರ ಕೊಡಬೇಕೋ ಅವರಿಗೆಲ್ಲ ಫೋನ್ ಮಾಡುತ್ತೇನೆ. ಆಗಿದ್ದರೆ ಆಗಿದೆ, ಇಲ್ಲದಿದ್ದರೆ ಇಲ್ಲ, ಯಾಕೆ ಇಲ್ಲ, ಯಾವಾಗ ಆಗುತ್ತದೆ. ಇಷ್ಟೇ. ಕಾರಣ ಗೊತ್ತಿಲ್ಲದ ಕಾಯುವಿಕೆ ಹೆಚ್ಚು ದೀರ್ಘ ಎನಿಸುತ್ತದೆ ಎಂದು ಸೇವಾ ವ್ಯವಹಾರಗಳನ್ನು ಅಧ್ಯಯನ ಮಾಡಿದ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. "ಆಯಿತೇ?" ಎಂದು ದಿನವಿಡೀ ಬರುತ್ತಿದ್ದ ಕರೆಗಳು ಈಗ ಅಪರೂಪವಾಗಿವೆ. ಕರೆಗೆ ಕೈ ಒರೆಸಿಕೊಂಡು ಎದ್ದು ಹೋಗುವ ಸಮಯ ಕೆಲಸಕ್ಕೇ ಉಳಿಯುತ್ತದೆ.

ಹಣ ತೆಗೆದುಕೊಳ್ಳುವ ಹೊತ್ತನ್ನೂ ಬದಲಿಸಿದೆ. ಮೊದಲು ಯಂತ್ರ ಕೊಟ್ಟು, ಕೊನೆಗೆ ಬಿಲ್ ಕೊಡುತ್ತಿದ್ದೆ. ಗಿರಾಕಿ ಹಣ ಎಣಿಸುತ್ತಲೇ ಹೊರಡುತ್ತಿದ್ದರು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರ 1993ರ ಪ್ರಯೋಗವೊಂದರ ಬಗ್ಗೆ ಓದಿದ ಮೇಲೆ ಇದು ನನ್ನನ್ನು ಕಾಡತೊಡಗಿತು. ಒಮ್ಮೆ 60 ಸೆಕೆಂಡ್ 14 ಡಿಗ್ರಿ ತಣ್ಣೀರಿನಲ್ಲಿ ಕೈ ಇಡಿಸಿದರು. ಇನ್ನೊಮ್ಮೆ ಅಷ್ಟೇ ಹೊತ್ತು ಇಡಿಸಿ, ಮತ್ತೆ 30 ಸೆಕೆಂಡ್ ಮುಂದುವರಿಸಿ, ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೊಮ್ಮೆ ಯಾವುದನ್ನು ಮಾಡುತ್ತೀರಿ ಎಂದರೆ ಹೆಚ್ಚಿನವರು ಆರಿಸಿದ್ದು ದೀರ್ಘವಾದದ್ದನ್ನೇ. ಕೊನೆ ತುಸು ಹಿತವಾಗಿತ್ತು, ನೆನಪಿನಲ್ಲಿ ಉಳಿದದ್ದು ಅದು.

ಹಾಗಾಗಿ ಈಗ ಲೆಕ್ಕ ಮೊದಲು ಮುಗಿಸುತ್ತೇನೆ. ಆಮೇಲೆ ಅವರನ್ನೇ ಯಂತ್ರದ ಮುಂದೆ ಕೂರಿಸಿ ಒಂದು ತುಂಡು ಬಟ್ಟೆ ಕೊಡುತ್ತೇನೆ. ಒಂದು ಮಡಿಕೆ ಹೊಲಿಯುತ್ತಾರೆ, ಆಮೇಲೆ ನಾಲ್ಕು ಮಡಿಕೆ ಮಾಡಿ ಹೊಲಿಯುತ್ತಾರೆ, ಬಟ್ಟೆಯನ್ನು ಮಗುಚಿ ಕೆಳದಾರ ಸಡಿಲವಿದೆಯೇ ಎಂದು ಉಗುರಿನಿಂದ ಗೀರಿ ನೋಡುತ್ತಾರೆ. ಸದ್ದು ನಯವಾಗಿದೆ ಎಂದು ಅವರ ಮುಖ ಅರಳುವ ಆ ಗಳಿಗೆ ನನಗೆ ತುಂಬ ಇಷ್ಟ. ಬದಲಿಸಿದ ಹಳೆಯ ಬಿಡಿಭಾಗವನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತೇನೆ. ನಿಜವಾಗಿ ಬದಲಿಸಿದ್ದಾರೆಯೇ ಎಂಬ ಅನುಮಾನ ಬಾಯಿಗೆ ಬರುವ ಮೊದಲೇ ತೀರಿಹೋಗುತ್ತದೆ.

ಇನ್ನೊಂದು ಮಾತು. ರಿಪೇರಿಗೆ ಬರುವ ಎಷ್ಟೋ ಯಂತ್ರಗಳಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಸೂಜಿಯ ಚಪ್ಪಟೆ ಮಗ್ಗುಲು ಉಲ್ಟಾ ಕೂತಿರುತ್ತದೆ, ಇಲ್ಲವೇ ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸಿನ ಸುತ್ತ ದಾರದ ಚೂರು ಕಟ್ಟಿಕೊಂಡಿರುತ್ತದೆ. ಒಳಗೆ ಒಯ್ದು ಅರ್ಧ ಗಂಟೆ ಇಟ್ಟುಕೊಂಡು ಹಣ ಕೇಳಬಹುದು. ನಾನು ಅವರೆದುರೇ ಸರಿಮಾಡಿ, ಮುಂದಿನ ಸಲ ನೀವೇ ಮಾಡಿಕೊಳ್ಳಿ ಎಂದು ತೋರಿಸಿಕೊಡುತ್ತೇನೆ. ಅಂದಿನ ಗಳಿಕೆ ಹೋಗುತ್ತದೆ, ನಿಜ. ಆದರೆ ಹೊಸಬರು ಬಂದಾಗಲೆಲ್ಲ "ಯಾರು ಹೇಳಿದರು?" ಎಂದು ಕೇಳಿ ಬರೆದಿಡುವ ಅಭ್ಯಾಸ ನನ್ನದು. ಆ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ನಾನು ಬಿಡಿಗಾಸು ತೆಗೆದುಕೊಳ್ಳದೆ ಕಳಿಸಿದವರದು. ನಾನು ಅಚ್ಚು ಹಾಕಿಸಿ ಹಂಚಿದ ಕರಪತ್ರದ ಹೆಸರು ಹುಡುಕಬೇಕು.

ಕರಪತ್ರ ನಿಲ್ಲಿಸಿ, ಆ ಹಣದಲ್ಲಿ ಎರವಲು ಕೊಡಲೆಂದೇ ಇನ್ನೊಂದು ಹಳೆಯ ಯಂತ್ರ ಕೊಂಡೆ. ಈಗ ಎರಡೂ ಹೊರಗಿವೆ. ನಾಳೆ ಕೊಡಬೇಕಾದ ಯಂತ್ರಗಳು ಮೂರು, ಅದರಲ್ಲಿ ಒಂದು ಆಗುವುದಿಲ್ಲ. ಮೊದಲ ಫೋನ್ ಅವರಿಗೇ.