ಮನಸ್ಸಿನ ಒತ್ತಡದಿಂದ ಬಿಪಿ ಏರುತ್ತಿದೆಯೇ? ಒಂದು ವಾರ ನೀವೇ ನೋಡಿಕೊಳ್ಳುವುದು ಹೇಗೆ

ಫೋನಿನಲ್ಲಿ ಯಾರ ಜೊತೆಗೋ ಜೋರು ಮಾತಾಯಿತು. ಫೋನ್ ಇಟ್ಟು ಐದು ನಿಮಿಷವಾದರೂ ಎದೆ ಢವಢವ ಅನ್ನುತ್ತಲೇ ಇದೆ. ಅಂಗೈ ಬೆವರಿದೆ, ಬಾಯಿ ಒಣಗಿದೆ. ಇಂಥ ಹೊತ್ತಿನಲ್ಲಿ 'ಸುಮ್ನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ' ಅಂತ ಹೇಳುವವರೇ ಜಾಸ್ತಿ. ಆದರೆ ಅಷ್ಟರಲ್ಲಿ ನರ, ರಕ್ತನಾಳ, ಲಿವರ್ ಎಲ್ಲವೂ ಕೆಲಸಕ್ಕೆ ಇಳಿದಾಗಿರುತ್ತದೆ. ಅದರ ಗುರುತು ನಿಮ್ಮ ದೇಹದಲ್ಲಿ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ತೋಳಿಗೆ ಪಟ್ಟಿ ಕಟ್ಟುವ ಡಿಜಿಟಲ್ ಬಿಪಿ ಯಂತ್ರ, ಒಂದು ನೋಟ್‌ಬುಕ್, ಒಂದು ಪೆನ್ನು ಇದ್ದರೆ ಸಾಕು.

ಒಳಗೆ ನಡೆಯುವುದೇನು?

ನಾವು ಹೇಳದೆಯೇ ತಾನಾಗಿ ಕೆಲಸ ಮಾಡುವ ನರಮಂಡಲದಲ್ಲಿ ಎರಡು ಮುಖ್ಯ ಭಾಗಗಳಿವೆ. ಸಿಂಪಥೆಟಿಕ್ ಭಾಗ 'ಹೊಡೆದಾಡು, ಇಲ್ಲವೇ ಓಡು' ಅನ್ನುತ್ತದೆ. ಪ್ಯಾರಾಸಿಂಪಥೆಟಿಕ್ ಭಾಗ 'ಸಾಕು, ಸುಧಾರಿಸಿಕೋ' ಅನ್ನುತ್ತದೆ. 'ಹೊಡೆದಾಡು, ಇಲ್ಲವೇ ಓಡು' ಅನ್ನುವ ಈ ಪ್ರತಿಕ್ರಿಯೆಯನ್ನು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು.

ಗಾಬರಿಯಾದ ಕೆಲವೇ ಸೆಕೆಂಡುಗಳಲ್ಲಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನ್ ಬಿಡುತ್ತವೆ. ಹೃದಯ ಬೇಗ ಬಡಿಯುತ್ತದೆ, ಹಲವು ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಅದರ ಹಿಂದೆಯೇ ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಬರುತ್ತದೆ. ಇದು ನಿಧಾನಿ. ರಕ್ತದಲ್ಲಿ ಇದರ ಮಟ್ಟ ಗರಿಷ್ಠಕ್ಕೆ ಹೋಗಲು ಸುಮಾರು 20ರಿಂದ 30 ನಿಮಿಷ ಬೇಕು. ಜಗಳ ಮುಗಿದ ಮೇಲೂ ದೇಹ ಇನ್ನೂ ಜಗಳದಲ್ಲೇ ಇರುವುದು ಇದಕ್ಕೇ.

ಲಿವರ್ ಆಗ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಓಡಬೇಕಾದವರಿಗೆ ಅದು ಬೇಕು. ಕುರ್ಚಿಯಲ್ಲಿ ಕೂತೇ ಇರುವವರು ಅದನ್ನು ಖರ್ಚು ಮಾಡುವುದೆಲ್ಲಿ? ಇದು ದಿನಾ ನಡೆದರೆ ಇನ್ಸುಲಿನ್ ಮಾತನ್ನು ಜೀವಕೋಶಗಳು ಸರಿಯಾಗಿ ಕೇಳದೆ ಹೋಗಬಹುದು, ಹೊಟ್ಟೆಯ ಸುತ್ತ ಕೊಬ್ಬು ಕೂರುವ ಸಾಧ್ಯತೆ ಹೆಚ್ಚುತ್ತದೆ, ಸಿಹಿ ಮತ್ತು ಕೊಬ್ಬಿನ ತಿಂಡಿ ಬೇಕು ಬೇಕು ಅನ್ನಿಸುತ್ತದೆ. ನಿದ್ದೆಯೂ ಕೆಡುತ್ತದೆ. ಆರೋಗ್ಯವಂತರಲ್ಲಿ ರಾತ್ರಿ ನಿದ್ದೆಯಲ್ಲಿ ಬಿಪಿ ಶೇ 10ರಿಂದ 20ರಷ್ಟು ಇಳಿಯುತ್ತದೆ. ನಿದ್ದೆ ಕೆಟ್ಟರೆ ರಕ್ತನಾಳಗಳಿಗೆ ಆ ಬಿಡುವೂ ಸಿಗದೆ ಹೋಗಬಹುದು.

ಹಂತ 1: ಅಳೆಯುವ ಮೊದಲು

ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲೇ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿ. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ಮೊಬೈಲ್ ಪಕ್ಕಕ್ಕಿಡಿ.

ಹಂತ 2: ಅಳೆಯುವಾಗ

ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಬೇಡಿ, ಬರಿ ತೋಳಿಗೆ ಕಟ್ಟಿ. ಪಟ್ಟಿ ತೋಳಿಗೆ ಚಿಕ್ಕದಾದರೆ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕಿರಲಿ. ಗುಂಡಿ ಒತ್ತಿದ ಮೇಲೆ ಪಟ್ಟಿ ಗಾಳಿ ತುಂಬಿಕೊಂಡು ತೋಳನ್ನು ಹಿಂಡುತ್ತದೆ. ಆಗ ಯಾರಾದರೂ ಏನಾದರೂ ಕೇಳಿದರೂ ಉತ್ತರ ಕೊಡಬೇಡಿ, ಮಾತಾಡಿದರೆ ಬಿಪಿ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದುಕೊಳ್ಳಿ.

ಹಂತ 3: ಏಳು ದಿನದ ಲೆಕ್ಕ

ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹೀಗೇ ಮಾಡಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಬೆಳಿಗ್ಗೆ ಮಾತ್ರೆಗೆ ಮೊದಲೇ ಅಳೆಯಲಿ. ಅಂಕಿಯ ಪಕ್ಕದಲ್ಲಿ ಒಂದೇ ಸಾಲು ಬರೆಯಿರಿ: ಹೇಗೆ ನಿದ್ದೆ ಬಂತು, ದಿನ ಹೇಗಿತ್ತು. 'ನಾಲ್ಕೇ ಗಂಟೆ ನಿದ್ದೆ', 'ಕೆಲಸದಲ್ಲಿ ಬೈಗುಳ' ಅಂತಷ್ಟೇ ಇದ್ದರೂ ಸಾಕು. ನನ್ನ ಮಟ್ಟಿಗೆ ಈ ಸಾಲೇ ಅಂಕಿಗಿಂತ ಮುಖ್ಯ. ನಾಲ್ಕು ದಿನ ಕಳೆಯುವಷ್ಟರಲ್ಲಿ ಯಾವುದರ ಜೊತೆ ಯಾವುದು ಏರುತ್ತಿದೆ ಎಂದು ಕಣ್ಣಿಗೆ ಕಾಣತೊಡಗಬಹುದು.

ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರಿಗೆ ತೋರಿಸಿ. ಒಂದೇ ಸಲ ಏರಿದ್ದಕ್ಕೆ ಹೆದರಬೇಡಿ, ಹೆದರಿಕೆಯೇ ಇನ್ನೊಂದಿಷ್ಟು ಏರಿಸುತ್ತದೆ. ಆಸ್ಪತ್ರೆಯಲ್ಲಿ ಮಾತ್ರ ಜಾಸ್ತಿ ಬಂದು ಮನೆಯಲ್ಲಿ ಸರಿಯಿರುವವರೂ ಇದ್ದಾರೆ. ಅವರೂ ಆಗಾಗ ನೋಡಿಕೊಳ್ಳುತ್ತಿರಬೇಕು. ಒತ್ತಡದ ದಿನಗಳು ತಿಂಗಳುಗಟ್ಟಲೆ ನಡೆದಿದ್ದರೆ ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಪರೀಕ್ಷೆಯ ಬಗ್ಗೆಯೂ ಕೇಳಿ.

ಹಂತ 4: ಉಸಿರಿನ ಹಗ್ಗ

'ಸುಧಾರಿಸಿಕೋ' ಅನ್ನುವ ಭಾಗದ ದೊಡ್ಡ ನರ ವೇಗಸ್. ಅದು ಮೆದುಳಿನ ಬುಡದಿಂದ ಹೃದಯ, ಹೊಟ್ಟೆಯವರೆಗೆ ಇಳಿಯುತ್ತದೆ. ಹೃದಯಕ್ಕೆ 'ನಿಧಾನ' ಎಂದು ಹೇಳು ಅಂತ ಅದಕ್ಕೆ ನಾವು ನೇರವಾಗಿ ಆಜ್ಞೆ ಮಾಡಲಾರೆವು. ಆದರೆ ಉಸಿರಿನ ಮೂಲಕ ಹೇಳಿ ಕಳಿಸಬಹುದು. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಮಣಿಕಟ್ಟಿನ ನಾಡಿ ಮುಟ್ಟಿ ನೋಡಿ: ಉಸಿರು ಬಿಡುವಾಗ ಬಡಿತ ಕೊಂಚ ನಿಧಾನವಾಗುವುದು ಬೆರಳಿಗೇ ಸಿಗಬಹುದು. ಐದು ನಿಮಿಷ ಮಾಡಿ. ತಲೆ ಹಗುರಾದಂತೆ ಅನ್ನಿಸಿದರೆ ನಿಲ್ಲಿಸಿ.

ಹಂತ 5: ಸಕ್ಕರೆಗೆ ಕೆಲಸ ಕೊಡಿ

ಜಗಳವಾದ ಮೇಲೆ, ಕೆಟ್ಟ ಸುದ್ದಿ ಕೇಳಿದ ಮೇಲೆ ಹತ್ತು ನಿಮಿಷ ನಡೆಯಿರಿ. ಸ್ನಾಯು ಕೆಲಸ ಮಾಡುವಾಗ ಆ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ರಾತ್ರಿ ಏಳು ಗಂಟೆ ನಿದ್ದೆ ಇರಲಿ.

ಅಂಕಿ ಇಳಿಯಿತು ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ. ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಅಥವಾ ಕಣ್ಣು ಮಂಜಾಗುವುದು ಕಂಡರೆ ಇನ್ನೊಮ್ಮೆ ಅಳೆಯುತ್ತಾ ಕೂರಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೊರಡಿ.