ಎಂಟಾಣೆ, ನಾಲ್ಕಾಣೆ, ಒಂದು ಅರ್ಕಾವತ್ತು

ಗದಗಿನಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಟೈಪಿಂಗ್, ಲೆಕ್ಕಪತ್ರ, ಅರ್ಜಿ ತುಂಬೋದು, ಎಲ್ಲಾ ಹೊಟ್ಟೆಪಾಡಿನ ಪಾಠ. ಯಂತ್ರದ ಒಳಗೆ ಏನು ನಡೆಯುತ್ತದೆ ಎಂದು ವರ್ಷಗಟ್ಟಲೆ ಯಾರೂ ಕೇಳಿರಲಿಲ್ಲ. ಕೇಳಿದವರು ಬೆಟಗೇರಿಯಿಂದ ಬರುತ್ತಿದ್ದ, ಸೀರೆ ಅಂಗಡಿಯ ಅಕ್ಕ. "ಸರ, ಅದಕ್ಕ ಸೊನ್ನಿ, ಒಂದು ಬಿಟ್ರ ಏನೂ ಗೊತ್ತಿಲ್ಲ ಅಂತಾರ. ಮತ್ತ ನನ್ನ ಹೆಸರು ಹೆಂಗ ಗೊತ್ತಾತು?"

ಭಾನುವಾರ ಸಂಜೆ ಒಂದು ತಾಸು, ಫೀ ಇಲ್ಲ, ಯಾರು ಬೇಕಾದರೂ ಬರಲಿ ಎಂದು ಶುರು ಮಾಡಿದೆ. ಮೊದಲ ವಾರ ಗೋಡೆ ಮೇಲೆ ಚಿತ್ರ ಬಿಟ್ಟು, ಇನ್‌ಪುಟ್, ಔಟ್‌ಪುಟ್, ಸಿಪಿಯು ಅಂದರೆ ಮೆದುಳು ಎಂದೆಲ್ಲ ಹೇಳಿದೆ. "ಮೆದುಳು ಐತಿ ಅಂದಮ್ಯಾಲ ಸಿಟ್ಟೂ ಬರತೈತೇನ್ರಿ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ಪಾಠ ಅಲ್ಲಿಗೇ ಮುಗಿಯಿತು. ಮೆದುಳಿನ ಹೋಲಿಕೆಯನ್ನು ಅವತ್ತೇ ಬಿಟ್ಟೆ.

ಮುಂದಿನ ವಾರ ಕಂಪ್ಯೂಟರ್ ಚಾಲೂ ಮಾಡಲೇ ಇಲ್ಲ. ರಟ್ಟಿನಲ್ಲಿ ನಾಲ್ಕು ಬಿಲ್ಲೆ ಕತ್ತರಿಸಿ ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ ಎಂದು ಬರೆದೆ. 1957ರ ಏಪ್ರಿಲ್‌ನಲ್ಲಿ ನೂರು ಪೈಸೆಯ ರೂಪಾಯಿ ಬಂದಿತಾದರೂ, ಆಣೆಯ ಹೆಸರು ನಮ್ಮ ಕಡೆ ಬಾಯಿಂದ ಹೋಗಿಲ್ಲ. ನಿಯಮ ಒಂದೇ: ಬಿಲ್ಲೆ ಅಂಗಾತ ಇದ್ದರೆ ಲೆಕ್ಕಕ್ಕುಂಟು, ಬೋರಲಾದರೆ ಇಲ್ಲ. ಹದಿಮೂರಾಣೆ ಮಾಡಿರಿ ಎಂದೆ. ಎಂಟು, ನಾಲ್ಕು, ಒಂದು ಅಂಗಾತ, ಎರಡಾಣೆ ಬೋರಲು. ಅಂಗಾತಕ್ಕೆ 1, ಬೋರಲಿಗೆ 0 ಬರೆದರೆ 1101. ಹನ್ನೊಂದಾಣೆಗೆ 1011. ಸೊನ್ನೆಯಿಂದ ಹದಿನೈದರವರೆಗೆ ಯಾವ ಲೆಕ್ಕ ಕೇಳಿದರೂ ಒಂದೇ ಒಂದು ದಾರಿ. ಅದನ್ನು ನಾನು ಹೇಳಲಿಲ್ಲ, ಅವರೇ ಜಗಳಾಡಿ ಕಂಡುಕೊಂಡರು. ಹದಿನಾರಾಣೆ ಮಾಡಿರಿ ಎಂದಾಗ ಹಿಂದೆ ಕೂತಿದ್ದ ಅಜ್ಜಿ, "ಅದು ರೂಪಾಯಿ ಆತಲ್ಲೋ ತಮ್ಮಾ, ಇನ್ನೊಂದು ಬಿಲ್ಲಿ ಕತ್ತರಿಸು" ಅಂದರು. ಇಂಥ ಒಂದೊಂದು ಬಿಲ್ಲೆಗೆ ಕಂಪ್ಯೂಟರಿನವರು ಬಿಟ್ ಎನ್ನುತ್ತಾರೆ. ಅಜ್ಜಿ ಕೇಳಿದ್ದು ಐದನೇ ಬಿಟ್! ಬಿಲ್ಲೆ ಒಂದು ಹೆಚ್ಚಿದರೆ ಲೆಕ್ಕ ಇಮ್ಮಡಿ: ನಾಲ್ಕಕ್ಕೆ 16 ಬಗೆ, ಐದಕ್ಕೆ 32, ಎಂಟಕ್ಕೆ 256. ಎಂಟು ಬಿಲ್ಲೆಯ ಸಾಲಿಗೆ ಬೈಟ್ ಎನ್ನುತ್ತಾರೆ ಎಂದಾಗ ಯಾರಿಗೂ ಅದು ಭಾರವಾಗಲಿಲ್ಲ.

ಮೂರನೇ ವಾರ ಹುಡುಕಾಟದ ಆಟ. 1ರಿಂದ 1000ದೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳಿ, ಹೌದು ಇಲ್ಲ ಎನ್ನುವ ಹತ್ತೇ ಪ್ರಶ್ನೆಯಲ್ಲಿ ಹಿಡಿಯುತ್ತೇನೆ ಎಂದೆ. ಪ್ರತಿ ಸಲ ಅರ್ಧಕ್ಕರ್ಧ ಕಡಿದುಹಾಕುವುದಷ್ಟೇ ಗುಟ್ಟು. ಚೆನ್ನಾಗಿ ನಡೆಯಿತು, ಹೆಚ್ಚು ಹೇಳುವಂಥದ್ದೇನಿಲ್ಲ.

ನಾಲ್ಕನೇ ವಾರ ಅಕ್ಕನ ಪ್ರಶ್ನೆಗೆ ಬಂದೆ. ಪ್ರತಿ ಅಕ್ಷರಕ್ಕೂ ಒಂದು ನಂಬರು. ಯುನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಖಾನೆ. ಕ ಅಂದರೆ 3221. 'ಗದಗ' ಅಂದರೆ 3223, 3238, 3223. ಆ ನಂಬರನ್ನೇ ಬಿಲ್ಲೆಗಳಲ್ಲಿ ಬರೆದಿಡುತ್ತದೆ. ಹಳೆಯ ಫಾಂಟಿನಲ್ಲಿ ಟೈಪಿಸಿದ ಲಗ್ನಪತ್ರಿಕೆ ಬೇರೆ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರವಾಗಿ ಕಾಣುವುದು ಯಾಕೆಂದೂ ಇಲ್ಲೇ ಬಿಡಿಸಿದೆ: ನಂಬರು ಅದೇ ಇರುತ್ತದೆ, ಆ ನಂಬರಿಗೆ ಯಾವ ಅಕ್ಷರ ಎಂಬ ಕರಾರು ಮಾತ್ರ ಅಲ್ಲಿ ಬೇರೆ.

ಗದಗ ಮುದ್ರಣದ ಊರು. ಅವತ್ತು ಬಂದವರಲ್ಲಿ ಸೀಸದ ಮೊಳೆ ಜೋಡಿಸಿ ಜೀವನ ಕಳೆದ ಹಿರಿಯರೊಬ್ಬರಿದ್ದರು. ಖಾನೆ ಎಂಬ ಮಾತು ಕೇಳುತ್ತಲೇ ನೆಟ್ಟಗೆ ಕೂತರು. "ಸೂರ್ಯ ಅಂತ ಜೋಡಸಾಕ ನಾವು ಸೂ ಇಟ್ಟು, ಯ ಇಟ್ಟು, ಆಮ್ಯಾಲ ಅರ್ಕಾವತ್ತು ಇಡತಿದ್ವಿ. ನಿಮ್ಮ ಮಷೀನು ಹೆಂಗ ಇಡತೈತಿ?"

ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ವಾರ ಟೈಮ್ ಕೇಳಿದೆ. ಮನೆಯಲ್ಲಿ ಒಂದೊಂದೇ ನಂಬರು ಬಿಡಿಸಿ ನೋಡಿದರೆ: ಸ, ಊಕಾರದ ಗುರುತು, ರ, ಹಲಂತ, ಯ. ಒಟ್ಟು ಐದು. ರ ಮೊದಲು, ಯ ಆಮೇಲೆ. ಕಂಪ್ಯೂಟರ್ ಇಡುವುದು ನಾಲಿಗೆ ಉಚ್ಚರಿಸುವ ಕ್ರಮದಲ್ಲಿ. ಅರ್ಕಾವತ್ತನ್ನು ಮುಂದಕ್ಕೆ ಒಯ್ದು ಕೂರಿಸುವುದು ಫಾಂಟಿನ ಕೆಲಸ. ಇಷ್ಟು ವರ್ಷ ಟೈಪಿಂಗ್ ಕಲಿಸಿದ ನಾನು ಇದನ್ನು ಬಿಡಿಸಿ ನೋಡಿದ್ದು ಅದೇ ಮೊದಲು.

ಭಾನುವಾರ ಅವರನ್ನೇ ಕೀಬೋರ್ಡಿನ ಮುಂದೆ ಕೂರಿಸಿದೆ. ಸೂರ್ಯ ಸರಿ ಬಂತು. "ಹಂಗಾರ ರ‍್ಯಾಂಕ್ ಬರೀರಿ ನೋಡೂಣು" ಅಂದರು. ಸುಮ್ಮನೆ ಒತ್ತಿದರೆ ಪರದೆ ಮೇಲೆ 'ರ್ಯಾಂಕ್' ಎಂದು ಅರ್ಕಾವತ್ತೇ ಬಂತು. ರ ಆದಮೇಲೆ, ಹಲಂತದ ಮೊದಲು, ಕಣ್ಣಿಗೆ ಕಾಣದ ಒಂದು ಗುರುತು ಸೇರಿಸಬೇಕು. ಆಗ ರ ನಿಂತು ಯ ಒತ್ತಾಗುತ್ತದೆ. ಆ ಗುರುತು ನಮ್ಮ 128 ಖಾನೆಯಲ್ಲಿಲ್ಲ, ಅದರ ನಂಬರು 8205 ಎಂದೆ. ಅಕ್ಕ ನಂಬಲಿಲ್ಲ. "ಕಾಣದ್ದಕ್ಕೂ ಒಂದು ನಂಬರೇನ್ರಿ?"

ಹಿರಿಯರು ನಕ್ಕರು. "ನಮ್ಮಲ್ಲೂ ಇದ್ವು ಅಕ್ಕಾರ. ಮಸಿ ಹತ್ತದ ಸೀಸದ ತುಂಡು, ಸ್ಪೇಸ್ ಅಂತಿದ್ವಿ. ಅವಕ್ಕೂ ಒಂದು ಖಾನೆ ಬೇಕಾಗತಿತ್ತು."